ಸೋತ ಸೇನಾಪತಿಗಳು ಬರೆದ ಚರಿತ್ರೆ

1961ರಲ್ಲಿ ಅಮೆರಿಕ ಸರ್ಕಾರ ಫ್ರಾಂಜ್ ಹಾಲ್ಡರ್ ಎಂಬ ಜರ್ಮನಿಯ ಮಾಜಿ ಜನರಲ್‌ಗೆ ಪದಕ ಕೊಟ್ಟು ಗೌರವಿಸಿತು. ಸರ್ಕಾರಕ್ಕೆ ಮೆಚ್ಚುವಂಥ ಸೇವೆ ಸಲ್ಲಿಸಿದ ನಾಗರಿಕರಿಗೆ ಕೊಡುವ ಪದಕ ಅದು. ಇದೇ ಹಾಲ್ಡರ್ 1938ರಿಂದ 1942ರ ಸೆಪ್ಟೆಂಬರ್‌ವರೆಗೆ ಹಿಟ್ಲರನ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥನಾಗಿದ್ದ. ಪೋಲೆಂಡ್, ಫ್ರಾನ್ಸ್, ಸೋವಿಯತ್ ಒಕ್ಕೂಟಗಳ ಮೇಲಿನ ದಾಳಿಯ ಯೋಜನೆಗಳು ಅವನ ಮೇಜಿನ ಮೇಲೆ ಹಾದುಹೋಗಿದ್ದವು. ಯುದ್ಧ ಮುಗಿದ ಹದಿನಾರು ವರ್ಷಕ್ಕೆ ಹಿಂದಿನ ಶತ್ರುವೇ ಕರೆದು ಮನ್ನಣೆ ಕೊಡುವಂಥ ಯಾವ ಕೆಲಸ ಅವನು ಮಾಡಿದ? ಚರಿತ್ರೆ ಬರೆದ, ಬರೆಸಿದ. ಗೆದ್ದವರೇ ಚರಿತ್ರೆ ಬರೆಯುತ್ತಾರೆ ಎಂಬ ಮಾತನ್ನು ನಾವು ಪರೀಕ್ಷಿಸದೆ ಒಪ್ಪಿಕೊಂಡಿದ್ದೇವೆ. ಎರಡನೇ ಮಹಾಯುದ್ಧದ ಅತಿ ದೊಡ್ಡ ರಣರಂಗವಾದ, ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಸೆಣಸಿದ ಪೂರ್ವ ರಣರಂಗದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಅಲ್ಲಿ ಗೆದ್ದದ್ದು ಸೋವಿಯತ್ ಸೇನೆ. ಆದರೆ ಇಂಗ್ಲಿಷ್ ಓದುವ ಜಗತ್ತು, ಆ ಜಗತ್ತಿನ ಮೂಲಕ ಓದಿದ ನಾವು, ಸುಮಾರು ನಾಲ್ಕು ದಶಕ ನಂಬಿದ್ದು ಸೋತ ಸೇನಾಪತಿಗಳು ಹೇಳಿದ ಕಥೆಯನ್ನು. ಮಹಾಯುದ್ಧಗಳ ಬಗ್ಗೆ ಒಂದು ಪುಸ್ತಕ ಕೈಗೆ ಬಂದಾಗ ಲೇಖಕನ ಕೀರ್ತಿಯನ್ನಾಗಲಿ ಪುಸ್ತಕದ ದಪ್ಪವನ್ನಾಗಲಿ ನೋಡುವ ಮೊದಲು ಎರಡು ಪ್ರಶ್ನೆ ಕೇಳಬೇಕು ಎಂಬುದು ನನ್ನ ವಾದ. ಇದು ಯಾವ ವರ್ಷ ಬರೆದದ್ದು? ಆ ವರ್ಷ ಯಾರ ಕಡತಗಳು ತೆರೆದಿದ್ದವು, ಯಾರವು ಮುಚ್ಚಿದ್ದವು?

ಹಾಲ್ಡರನ ವಿಷಯವನ್ನೇ ಮೊದಲು ನೋಡೋಣ. ಯುದ್ಧ ಮುಗಿದ ಕೂಡಲೇ ಅಮೆರಿಕ ಸೇನೆಯ ಇತಿಹಾಸ ವಿಭಾಗ, ತನ್ನ ವಶದಲ್ಲಿದ್ದ ಜರ್ಮನ್ ಅಧಿಕಾರಿಗಳಿಂದ ಅವರವರ ಯುದ್ಧಾನುಭವವನ್ನು ಬರೆಸಲು ಶುರುಮಾಡಿತು. ಮುಂದೆ ಸೋವಿಯತ್ ಒಕ್ಕೂಟದೊಂದಿಗೆ ಶೀತಲ ಸಮರ ಬಲಿತಂತೆ ಈ ಕೆಲಸಕ್ಕೆ ಬೇರೆಯೇ ತೂಕ ಬಂತು. ಕೆಂಪು ಸೇನೆಯ ಎದುರು ಹೋರಾಡಿದ್ದವರು ಇವರೇ ತಾನೆ, ಆ ಸೇನೆಯನ್ನು ಎದುರಿಸುವುದು ಹೇಗೆಂದು ಇವರಿಂದಲೇ ಕಲಿಯಬೇಕು ಎಂಬುದು ಅಮೆರಿಕನ್ನರ ಲೆಕ್ಕ. ಏಳುನೂರಕ್ಕೂ ಹೆಚ್ಚು ಜರ್ಮನ್ ಅಧಿಕಾರಿಗಳು ಹಸ್ತಪ್ರತಿಗಳನ್ನು ಬರೆದರು, ಬಹುಮಟ್ಟಿಗೆ ನೆನಪಿನಿಂದ. ಆ ಬರವಣಿಗೆಯನ್ನು ಪರಿಶೀಲಿಸಿ ತಿದ್ದುವ ತಂಡದ ಮುಖ್ಯಸ್ಥ ಹಾಲ್ಡರ್. 1944ರ ಜುಲೈನಲ್ಲಿ ಹಿಟ್ಲರನ ಹತ್ಯೆಗೆ ನಡೆದ ಯತ್ನದ ನಂತರ ಅವನನ್ನೂ ಬಂಧಿಸಿ ಶಿಬಿರಕ್ಕೆ ಹಾಕಿದ್ದರು. ಹಾಗಾಗಿ ಅವನು ನಾಜಿಗಳಿಂದ ನೊಂದವನಾಗಿಯೂ ಕಾಣುತ್ತಿದ್ದ, ಅವನ ಮಾತಿಗೆ ಬೆಲೆ ಹೆಚ್ಚಿತ್ತು. 1949ರಲ್ಲಿ ಅವನು ಪ್ರಕಟಿಸಿದ ಕಿರುಪುಸ್ತಕ ಹಿಟ್ಲರನನ್ನು ಯುದ್ಧ ತಿಳಿಯದ ಹಟಮಾರಿಯೆಂದು ಚಿತ್ರಿಸಿತು. ಮುಂದೆ ಬಂದ ಹಸ್ತಪ್ರತಿಗಳೂ ಆತ್ಮಕಥೆಗಳೂ ಒಂದೇ ದಾರಿ ಹಿಡಿದವು. ಸೈನ್ಯ ಸಮರ್ಥವಾಗಿತ್ತು, ಹಿಟ್ಲರ್ ಕೈಹಾಕಿ ಕೆಡಿಸಿದ. ರಷ್ಯಾದ ಚಳಿ, ಕೆಸರು, ಎಣಿಕೆಗೆ ಸಿಗದ ಜನಸಂಖ್ಯೆ ನಮ್ಮನ್ನು ಸೋಲಿಸಿತೇ ಹೊರತು ರಷ್ಯನ್ನರ ಯುದ್ಧಕೌಶಲವಲ್ಲ. ಕೊಲೆ, ಹಿಂಸೆಗಳೆಲ್ಲ ಎಸ್‌ಎಸ್ ಪಡೆಯವರ ಕೆಲಸ, ಸೈನ್ಯದ ಕೈ ಶುದ್ಧ. ಸೋವಿಯತ್ ಪತ್ರಾಗಾರಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಈ ಹೇಳಿಕೆಗಳನ್ನು ಒರೆಗೆ ಹಚ್ಚಲು ಎದುರು ಪಕ್ಷದ ಕಾಗದ ಯಾರ ಬಳಿಯೂ ಇರಲಿಲ್ಲ.

ಜನಪ್ರಿಯ ಓದಿಗೆ ಈ ಕಥೆಯನ್ನು ತಲುಪಿಸಿದ್ದು ಎರಡು ಪ್ರಸಿದ್ಧ ಆತ್ಮಕಥೆಗಳು. ಟ್ಯಾಂಕ್ ದಳಗಳ ನಾಯಕ ಹೈನ್ಜ್ ಗುಡೇರಿಯನ್‌ನದು 1952ರಲ್ಲಿ ಇಂಗ್ಲಿಷಿಗೆ ಬಂತು. ಫೀಲ್ಡ್ ಮಾರ್ಷಲ್ ಎರಿಕ್ ಫಾನ್ ಮಾನ್‌ಸ್ಟೈನ್‌ನದು 1955ರಲ್ಲಿ ಜರ್ಮನ್‌ನಲ್ಲಿ, 1958ರಲ್ಲಿ ಇಂಗ್ಲಿಷಿನಲ್ಲಿ ಬಂತು. ಎರಡಕ್ಕೂ ಮುನ್ನುಡಿ ಬರೆದವರು ಬ್ರಿಟನ್ನಿನ ಯುದ್ಧ ಲೇಖಕ ಲಿಡೆಲ್ ಹಾರ್ಟ್. ಸೆರೆಯಲ್ಲಿದ್ದ ಜರ್ಮನ್ ಜನರಲ್‌ಗಳನ್ನು ಮಾತಾಡಿಸಿ 1948ರಲ್ಲೇ ಒಂದು ಪುಸ್ತಕ ಪ್ರಕಟಿಸಿದ್ದ ಅವರು ಆ ಜನರಲ್‌ಗಳ ಪರವಾಗಿ ಇಂಗ್ಲಿಷ್ ಓದುಗರೆದುರು ನಿಂತ ವಕೀಲರಂತಾದರು. ಗುಡೇರಿಯನ್‌ನ ಇಂಗ್ಲಿಷ್ ಆವೃತ್ತಿಯಲ್ಲಿ, ಟ್ಯಾಂಕ್ ಯುದ್ಧದ ಮುಖ್ಯ ವಿಚಾರಗಳನ್ನು ತಾನು ಲಿಡೆಲ್ ಹಾರ್ಟ್‌ರಿಂದ ಕಲಿತೆ ಎನ್ನುವ ಒಂದು ಪ್ಯಾರಾ ಇದೆ. ಜರ್ಮನ್ ಮೂಲದಲ್ಲಿ ಅದು ಇಲ್ಲ. ಲಿಡೆಲ್ ಹಾರ್ಟ್ ಪತ್ರ ಬರೆದು ಅದನ್ನು ಸೇರಿಸುವಂತೆ ಕೇಳಿಕೊಂಡಿದ್ದರು ಎಂಬುದು ಅವರ ಪತ್ರವ್ಯವಹಾರ ಹೊರಬಂದ ಮೇಲೆ ತಿಳಿಯಿತು. 1988ರಲ್ಲಿ ಜಾನ್ ಮಿಯರ್ಶೈಮರ್ ಈ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು. ಒಬ್ಬರಿಗೆ ದೂರದೃಷ್ಟಿಯ ಕೀರ್ತಿ ಬೇಕಿತ್ತು, ಇನ್ನೊಬ್ಬರಿಗೆ ಶುದ್ಧ ಸೈನಿಕನೆಂಬ ಹೆಸರು ಬೇಕಿತ್ತು. ಇಬ್ಬರ ಅಗತ್ಯವೂ ಒಂದೇ ಪುಸ್ತಕದಲ್ಲಿ ಪೂರೈಸಿತು, ಅದರ ಬೆಲೆ ತೆತ್ತದ್ದು ಓದುಗ.

ಈಗ ಕಡತಗಳ ಕಡೆ ಬರೋಣ. ಹಾಲ್ಡರ್ ಯುದ್ಧಕಾಲದಲ್ಲಿ ದಿನಚರಿ ಇಡುತ್ತಿದ್ದ. ಅದು 1960ರ ದಶಕದ ಮೊದಲಲ್ಲಿ ಜರ್ಮನ್‌ನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಸೋವಿಯತ್ ಒಕ್ಕೂಟದ ಮೇಲಿನ ಜರ್ಮನ್ ದಾಳಿ ಆರಂಭವಾದದ್ದು 1941ರ ಜೂನ್ 22ಕ್ಕೆ. ಜುಲೈ 3ರಂದು, ಅಂದರೆ ಎರಡು ವಾರದೊಳಗೆ, ಈ ಯುದ್ಧವನ್ನು ಹದಿನಾಲ್ಕು ದಿನದಲ್ಲೇ ಗೆದ್ದಂತಾಯಿತು ಎಂಬ ಅರ್ಥದ ಮಾತನ್ನು ಅವನು ಬರೆದುಕೊಂಡಿದ್ದಾನೆ. ಆಗಸ್ಟ್ 11ರ ಪುಟದಲ್ಲಿ ದನಿಯೇ ಬೇರೆ. ಶತ್ರುವನ್ನು ಕಡಿಮೆ ಅಂದಾಜು ಮಾಡಿದ್ದೆವು, ಸುಮಾರು 200 ಡಿವಿಷನ್ ಇರಬಹುದೆಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ ಎಂದು ಒಪ್ಪಿಕೊಳ್ಳುತ್ತಾನೆ. ಆಗಸ್ಟ್ ತಿಂಗಳು, ಹಿಮ ಬೀಳಲು ಇನ್ನೂ ಬಹಳ ದಿನವಿತ್ತು. ಹಿಟ್ಲರ್ ಸೈನ್ಯವನ್ನು ಮಾಸ್ಕೋ ದಾರಿಯಿಂದ ತಿರುಗಿಸಿ ಕೀವ್ ಕಡೆಗೆ ಕಳಿಸಿದ, ಗುಡೇರಿಯನ್ ಮುಂತಾದವರು ಸೋಲಿನ ಮೂಲವೆಂದು ತೋರಿಸುವ, ಆ ನಿರ್ಧಾರವೂ ಆಗ ಇನ್ನೂ ಅಂತಿಮವಾಗಿರಲಿಲ್ಲ. ಅಂದರೆ ಯೋಜನೆಯ ತಳಪಾಯವೇ ಕುಸಿದದ್ದು ಜನರಲ್ ಸ್ಟಾಫ್‌ನ ಸ್ವಂತ ಲೆಕ್ಕಾಚಾರದಲ್ಲಿ ಎಂಬುದಕ್ಕೆ ಸಾಕ್ಷಿ ಹೇಳುತ್ತಿರುವುದು ಅದರ ಮುಖ್ಯಸ್ಥನ ದಿನಚರಿಯೇ. ಯುದ್ಧದ ನಂತರದ ಹಾಲ್ಡರನನ್ನು ಯುದ್ಧಕಾಲದ ಹಾಲ್ಡರ್ ಸುಳ್ಳುಮಾಡುತ್ತಾನೆ.

ಶುದ್ಧ ಕೈಗಳ ಮಾತು ಇದಕ್ಕಿಂತ ಘೋರ. ಮಾನ್‌ಸ್ಟೈನ್ 1941ರ ನವೆಂಬರ್ 20ರಂದು ತನ್ನ ಸೈನ್ಯಕ್ಕೆ ಹೊರಡಿಸಿದ ಆಜ್ಞೆ ಯೆಹೂದಿ-ಬೋಲ್ಶೆವಿಕ್ ವ್ಯವಸ್ಥೆಯನ್ನು ಶಾಶ್ವತವಾಗಿ ನಿರ್ಮೂಲ ಮಾಡಬೇಕೆಂದು ಹೇಳುತ್ತದೆ. ಆ ಕಾಗದ ನ್ಯೂರೆಂಬರ್ಗ್ ವಿಚಾರಣೆಯಲ್ಲೇ ಹೊರಬಂತು. 1949ರಲ್ಲಿ ಹ್ಯಾಂಬರ್ಗ್‌ನಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯ ಅವನಿಗೆ 18 ವರ್ಷ ಶಿಕ್ಷೆ ವಿಧಿಸಿತು. ಶಿಕ್ಷೆ ಕಡಿಮೆಯಾಗಿ 1953ರಲ್ಲಿ ಬಿಡುಗಡೆಯಾದ ಅವನು ಎರಡು ವರ್ಷದಲ್ಲಿ ತಂದ ಪುಸ್ತಕದಲ್ಲಿ ಈ ಆಜ್ಞೆಯ ಸುಳಿವೇ ಇಲ್ಲ. ಜರ್ಮನ್ ಸೈನ್ಯದ ವಶಕ್ಕೆ ಸಿಕ್ಕ ಸೋವಿಯತ್ ಸೈನಿಕರು ಸುಮಾರು 57 ಲಕ್ಷ. ಅವರಲ್ಲಿ ಸುಮಾರು 33 ಲಕ್ಷ ಮಂದಿ ಹಸಿವು, ಚಳಿ, ರೋಗ, ಗುಂಡಿನೇಟಿಗೆ ಸತ್ತರು. ಈ ಲೆಕ್ಕವನ್ನು ಜರ್ಮನ್ ಸೈನ್ಯದ್ದೇ ಕಾಗದಗಳಿಂದ ತೆಗೆದು 1978ರಲ್ಲಿ ಮುಂದಿಟ್ಟವರು ಕ್ರಿಸ್ಟಿಯಾನ್ ಸ್ಟ್ರೈಟ್ ಎಂಬ ಜರ್ಮನ್ ಇತಿಹಾಸಕಾರರು. ಕೈದಿಗಳ ಶಿಬಿರಗಳನ್ನು ಕಾಯುತ್ತಿದ್ದದ್ದು ಸೈನ್ಯ, ಅವರ ಊಟದ ಪ್ರಮಾಣ ನಿಗದಿಮಾಡಿದ್ದೂ ಸೈನ್ಯ. 33 ಲಕ್ಷ ಜನರ ಸಾವು ಒಂದು ಯುದ್ಧದ ಆತ್ಮಕಥೆಯಿಂದ ಜಾರಿಹೋಗಬಲ್ಲದು, ಆ ಪುಸ್ತಕ ಆಮೇಲೂ ದಶಕಗಳ ಕಾಲ ಶ್ರೇಷ್ಠವೆನಿಸಿಕೊಳ್ಳಬಲ್ಲದು ಎಂಬುದನ್ನು ಯೋಚಿಸಿದರೆ, ಕಡತದ ಪ್ರಶ್ನೆ ಪಂಡಿತರ ಕುತೂಹಲವಷ್ಟೇ ಅಲ್ಲ ಎಂಬುದು ತಿಳಿಯುತ್ತದೆ.

ಗೆದ್ದ ಪಕ್ಷದ ಕಾಗದಗಳು ಹೊರಬಂದದ್ದು ಸೋವಿಯತ್ ಒಕ್ಕೂಟ ಕುಸಿದ ಆಸುಪಾಸಿನಲ್ಲಿ. ಅಮೆರಿಕ ಸೇನೆಯಲ್ಲಿ ಕರ್ನಲ್ ಆಗಿದ್ದ ಡೇವಿಡ್ ಗ್ಲಾಂಟ್ಸ್, ಜೊನಾಥನ್ ಹೌಸ್ ಅವರೊಂದಿಗೆ 1995ರಲ್ಲಿ ಪ್ರಕಟಿಸಿದ ಇತಿಹಾಸ ಪೂರ್ವ ರಣರಂಗವನ್ನು ಎರಡೂ ಕಡೆಯಿಂದ ನೋಡಲು ಕಲಿಸಿತು. ಅದಕ್ಕೂ ಮೊದಲು, ಬಾಗಿಲು ಅರೆತೆರೆದಿದ್ದ ಕಾಲದಲ್ಲೇ, ಜಾನ್ ಎರಿಕ್ಸನ್ 1975 ಮತ್ತು 1983ರಲ್ಲಿ ಎರಡು ಮಹಾಸಂಪುಟಗಳನ್ನು ಬರೆದಿದ್ದರು. ಎಣಿಕೆಗೆ ಸಿಗದ ಗುಂಪು ಎಂದು ಜರ್ಮನ್ನರು ಬಣ್ಣಿಸಿದ್ದ ಸೈನ್ಯ ಶತ್ರುವನ್ನು ವಂಚಿಸುವ ಕಲೆಯಲ್ಲಿ, ಮೀಸಲು ದಳಗಳನ್ನು ಗುಟ್ಟಾಗಿ ಸಾಗಿಸುವುದರಲ್ಲಿ, ಆಳವಾಗಿ ನುಗ್ಗುವ ದಾಳಿಯ ಯೋಜನೆಯಲ್ಲಿ ಹೇಗೆ ಪಳಗಿತ್ತು ಎಂಬುದು ಬೆಳಕಿಗೆ ಬಂತು. 1944ರ ಜೂನ್‌ನಲ್ಲಿ ಬೆಲಾರೂಸ್‌ನಲ್ಲಿ ಆರಂಭವಾದ ಬಾಗ್ರಾತಿಯೋನ್ ಕಾರ್ಯಾಚರಣೆ ಕೆಲವೇ ವಾರಗಳಲ್ಲಿ ಜರ್ಮನಿಯ ಮಧ್ಯ ಸೇನಾಸಮೂಹವನ್ನು ಒಡೆದುಹಾಕಿತು. ಅದೇ ಬೇಸಿಗೆಯ ನಾರ್ಮಂಡಿಯ ಬಗ್ಗೆ ಬಂದ ಪುಸ್ತಕ, ಸಿನಿಮಾಗಳ ರಾಶಿಯ ಪಕ್ಕದಲ್ಲಿ ಬಾಗ್ರಾತಿಯೋನ್ ಹೆಸರು ಕೇಳಿದವರೇ ಕಡಿಮೆ.

ಈ ಕಾಗದಗಳು ರಷ್ಯನ್ನರ ಕೀರ್ತಿಯನ್ನು ಹೆಚ್ಚಿಸುವುದಕ್ಕಷ್ಟೇ ಒದಗಲಿಲ್ಲ. 1942ರ ಕೊನೆಯಲ್ಲಿ ಮಾರ್ಷಲ್ ಝುಕೋವ್ ರ್ಝೆವ್ ಬಳಿ ನಡೆಸಿದ ಮಾರ್ಸ್ ಕಾರ್ಯಾಚರಣೆ ಭೀಕರವಾಗಿ ಸೋತಿತ್ತು. ಅದೇ ಹೊತ್ತಿನ ಸ್ಟಾಲಿನ್‌ಗ್ರಾಡ್ ವಿಜಯದ ನೆರಳಿನಲ್ಲಿ ಸೋವಿಯತ್ ಇತಿಹಾಸ ಅದನ್ನು ಅಡಗಿಸಿಟ್ಟಿತ್ತು. ಅದನ್ನು 1999ರಲ್ಲಿ ಪುಸ್ತಕವಾಗಿ ಹೊರತಂದವರೂ ಅದೇ ಗ್ಲಾಂಟ್ಸ್. 1943ರ ಜುಲೈ 12ರ ಪ್ರೊಖೊರೊವ್ಕಾ ಟ್ಯಾಂಕ್ ಕದನದಲ್ಲಿ ನೂರಾರು ಜರ್ಮನ್ ಟ್ಯಾಂಕ್‌ಗಳು ನಾಶವಾದವೆಂದು ಸೋವಿಯತ್ ಸೇನಾಪತಿ ರೊತ್ಮಿಸ್ತ್ರೋವ್ ಬರೆದದ್ದನ್ನು ಜಗತ್ತು ನಂಬಿತ್ತು. ಆ ದಿನ ಪೂರ್ತಿ ನಾಶವಾದ ಜರ್ಮನ್ ಟ್ಯಾಂಕ್‌ಗಳು ತೀರಾ ಕಡಿಮೆ, ಸುಟ್ಟು ನಿಂತವು ಹೆಚ್ಚಾಗಿ ರೊತ್ಮಿಸ್ತ್ರೋವ್‌ನವೇ ಎಂದು ತೋರಿಸಿದ್ದು ಜರ್ಮನ್ ಸೈನ್ಯದ ದುರಸ್ತಿ ಮತ್ತು ನಷ್ಟದ ಲೆಕ್ಕ. ರಷ್ಯಾದ ಇತಿಹಾಸಕಾರ ವಲೇರಿ ಝಮುಲಿನ್ ತಮ್ಮ ದೇಶದ ಕಡತಗಳಿಂದಲೇ ಅದನ್ನು ಸಮರ್ಥಿಸಿದರು. ತನ್ನ ದೇಶದ ಪ್ರೀತಿಯ ದಂತಕಥೆಯನ್ನು ತನ್ನ ದೇಶದ ಕಾಗದದಿಂದ ಅಳಿಸುವುದಕ್ಕೆ ಬೇಕಾದ ಎದೆಗಾರಿಕೆ ದೊಡ್ಡದು.

ಪೆಸಿಫಿಕ್ ಸಾಗರದಿಂದ ಇನ್ನೊಂದು ಪ್ರಕರಣ ಹೇಳಲೇಬೇಕು, ಏಕೆಂದರೆ ಅದರಲ್ಲಿ ಕಡತದ ಬೀಗಕ್ಕಿಂತ ಭಾಷೆಯ ಬೀಗ ಕೆಲಸಮಾಡಿತು. 1942ರ ಜೂನ್ 4ರಂದು ಮಿಡ್‌ವೇ ಬಳಿ ಅಮೆರಿಕದ ವಿಮಾನಗಳು ಜಪಾನಿನ ಮೂರು ವಿಮಾನವಾಹಕ ನೌಕೆಗಳನ್ನು ಕೆಲವೇ ನಿಮಿಷಗಳಲ್ಲಿ ಬೆಂಕಿಗೆ ಆಹುತಿ ಕೊಟ್ಟವು, ನಾಲ್ಕನೆಯದನ್ನು ಅದೇ ದಿನ ಸಂಜೆ. ಪರ್ಲ್ ಹಾರ್ಬರ್ ಮೇಲಿನ ವಾಯುದಾಳಿಯ ಮುಂದಾಳಾಗಿದ್ದ ಮಿತ್ಸುವೊ ಫುಚಿದಾ ಆ ದಿನ ಅಕಾಗಿ ನೌಕೆಯ ಮೇಲಿದ್ದ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿದ್ದರಿಂದ ಹಾರಿರಲಿಲ್ಲ. ಬಾಂಬು ತುಂಬಿದ ಜಪಾನಿ ವಿಮಾನಗಳು ನೌಕೆಯ ಅಟ್ಟದ ಮೇಲೆ ಸಾಲಾಗಿ ಸಜ್ಜಾಗಿ ನಿಂತಿದ್ದವು, ಐದು ನಿಮಿಷ ಸಿಕ್ಕಿದ್ದರೆ ಯುದ್ಧದ ಗತಿಯೇ ಬೇರೆಯಾಗುತ್ತಿತ್ತು ಎಂದು ಅವನು ಮಸತಾಕೆ ಒಕುಮಿಯಾ ಜೊತೆ 1951ರಲ್ಲಿ ಬರೆದ ಪುಸ್ತಕ ಹೇಳಿತು. 1955ರಲ್ಲಿ ಅದು ಇಂಗ್ಲಿಷಿಗೆ ಬಂತು. ಆಮೇಲೆ ಮಿಡ್‌ವೇ ಬಗ್ಗೆ ಬರೆದವರೆಲ್ಲ ಆ ಐದು ನಿಮಿಷವನ್ನು ಬರೆದರು. ಜಪಾನಿನ ರಕ್ಷಣಾ ಸಂಸ್ಥೆಯ ಅಧಿಕೃತ ಇತಿಹಾಸ ಮಾಲೆ, 102 ಸಂಪುಟಗಳದ್ದು, 1971ರಲ್ಲಿ ಬಂದ ತನ್ನ ಮಿಡ್‌ವೇ ಸಂಪುಟದಲ್ಲಿ ಈ ಚಿತ್ರಣವನ್ನು ಒಪ್ಪಿರಲಿಲ್ಲ. ಜಪಾನಿ ಬಾರದ ಇಂಗ್ಲಿಷ್ ಲೇಖಕರಿಗೆ ಅದು ತಲುಪಲೇ ಇಲ್ಲ. 2005ರಲ್ಲಿ ಜೊನಾಥನ್ ಪಾರ್ಶಲ್ ಮತ್ತು ಆಂಟನಿ ಟುಲ್ಲಿ ಪ್ರತಿ ನೌಕೆಯ ವಿಮಾನದಳದ ದಿನದ ದಾಖಲೆಗಳನ್ನು ತೆಗೆದು, ಯಾವ ಹೊತ್ತಿಗೆ ಯಾವ ವಿಮಾನ ಏರಿತು, ಯಾವುದು ಇಳಿಯಿತು ಎಂದು ಲೆಕ್ಕ ಹಾಕಿದರು. ಬೆಳಗಿನಿಂದ ಕಾವಲು ವಿಮಾನಗಳು ಇಳಿದು ಏರುತ್ತಲೇ ಇದ್ದುದರಿಂದ ದಾಳಿಯ ವಿಮಾನಗಳನ್ನು ಅಟ್ಟದ ಮೇಲೆ ಸಾಲಾಗಿ ನಿಲ್ಲಿಸಲು ಬಿಡುವೇ ಇರಲಿಲ್ಲ. ಅವು ಕೆಳಗಿನ ಹ್ಯಾಂಗರ್‌ಗಳಲ್ಲಿದ್ದವು. ಅಂದರೆ ಜಪಾನಿನ ಒಂದು ಪುಸ್ತಕ ಬಿಡಿಸಿದ್ದ ಗಂಟು ಇಂಗ್ಲಿಷ್ ಓದುಗರ ಪಾಲಿಗೆ ಇನ್ನೂ 34 ವರ್ಷ ಗಂಟಾಗಿಯೇ ಉಳಿದಿತ್ತು.

ಗೆದ್ದವರ ಪುಸ್ತಕಗಳಲ್ಲೂ ಬೀಗಗಳಿದ್ದವು. ಚರ್ಚಿಲ್ 1948ರಿಂದ ಆರು ಸಂಪುಟಗಳಲ್ಲಿ ಬರೆದ ಯುದ್ಧದ ಇತಿಹಾಸದಲ್ಲಿ, ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ ಗುಪ್ತ ಸಂಕೇತಗಳನ್ನು ಒಡೆದ ಸಂಗತಿ ಇಲ್ಲ. ಅದನ್ನು ಬರೆಯಲು ಅನುಮತಿ ಇರಲಿಲ್ಲ, 1974ರವರೆಗೆ ಅದು ಸಾರ್ವಜನಿಕವಾಗಲೂ ಇಲ್ಲ. ಹೀಗಾಗಿ ಅಟ್ಲಾಂಟಿಕ್‌ನ ಜಲಾಂತರ್ಗಾಮಿ ಯುದ್ಧ, ಉತ್ತರ ಆಫ್ರಿಕಾದ ಕದನಗಳ ಬಗ್ಗೆ 1974ಕ್ಕಿಂತ ಹಿಂದೆ ಬಂದ ಬಹುತೇಕ ಎಲ್ಲ ಪುಸ್ತಕಗಳೂ, ಲೇಖಕ ಎಷ್ಟೇ ಪ್ರಾಮಾಣಿಕನಾಗಿದ್ದರೂ, ಮುಖ್ಯ ಕಾರಣವೊಂದನ್ನು ತಿಳಿಯದೆ ಇಲ್ಲವೇ ಹೇಳದೆ ಬರೆದಂಥವು. ಸೇನಾಪತಿಯ ಚಾಣಾಕ್ಷತನವೆಂದು ಅಲ್ಲಿ ಹೊಗಳಿದ ಎಷ್ಟೋ ನಿರ್ಧಾರಗಳ ಹಿಂದೆ ಓದಿಬಿಟ್ಟ ಶತ್ರುವಿನ ತಂತಿಸಂದೇಶವಿತ್ತು. ಬಂಗಾಳದ 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಚರ್ಚಿಲ್‌ರ ಸಾವಿರಾರು ಪುಟಗಳಲ್ಲಿ ಅದಕ್ಕೆ ಸಿಕ್ಕ ಜಾಗ ಇಲ್ಲವೆನ್ನುವಷ್ಟು ಕಡಿಮೆ, ಆ ಮೌನಕ್ಕೆ ಯಾವ ರಹಸ್ಯ ಕಾಯ್ದೆಯ ನೆಪವೂ ಇರಲಿಲ್ಲ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಸಹಜವಾದದ್ದು. ರಣರಂಗದಲ್ಲಿ ನಿಂತವನಿಗಿಂತ, ಐವತ್ತು ವರ್ಷದ ನಂತರ ಕೋಣೆಯಲ್ಲಿ ಕೂತು ಕಡತ ತಿರುವುವವನಿಗೆ ಹೆಚ್ಚು ಗೊತ್ತೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲೇ ಇದೆ. ಫುಚಿದಾ ಅಕಾಗಿಯ ಮೇಲೆಯೇ ಇದ್ದ, ಅವನಷ್ಟು ಹತ್ತಿರದಿಂದ ಕಂಡವರು ಯಾರೂ ಇಲ್ಲ. ಆದರೂ ಅವನ ಮಾತು ನಿಲ್ಲಲಿಲ್ಲ. ಹಾಗೆಂದು ಸೇನಾಪತಿಗಳ ನೆನಪಿನ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಬರ್ಮಾ ರಣರಂಗದಲ್ಲಿ ಭಾರತೀಯ ಸೈನಿಕರೇ ಬಹುಪಾಲಿದ್ದ 14ನೇ ಸೇನೆಯನ್ನು ನಡೆಸಿದ ವಿಲಿಯಂ ಸ್ಲಿಮ್ 1956ರಲ್ಲಿ ಬರೆದ ಪುಸ್ತಕವನ್ನು ನೋಡಿ. 1944ರಲ್ಲಿ ಕೊಹಿಮಾದ ಮೇಲೆ ಜಪಾನೀಯರು ಎಷ್ಟು ದೊಡ್ಡ ಪಡೆ ತರಬಲ್ಲರು ಎಂಬುದನ್ನು ತಾನು ತಪ್ಪಾಗಿ ಅಂದಾಜು ಮಾಡಿದ್ದನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಸೋಲನ್ನು ಪೂರ್ತಿ ಹಿಟ್ಲರನ ತಲೆಗೆ ಕಟ್ಟಿದವರ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಬರೆಯುವವನಿಗೆ ಯಾವ ಮಾತಿನಿಂದ ನಷ್ಟವಿದೆಯೋ ಆ ಮಾತಿಗೆ ಹೆಚ್ಚು ತೂಕ, ಲಾಭವಿರುವ ಮಾತಿಗೆ ಕಡಿಮೆ ತೂಕ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ತೂಗುವ ಕ್ರಮವೂ ಇದೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಕಡತಗಳು ಸುಳ್ಳು ಹೇಳುವುದಿಲ್ಲವೇ, ಕಡತ ಓದಿದವರೆಲ್ಲ ಸತ್ಯ ಬರೆಯುತ್ತಾರೆಯೇ? ಇಲ್ಲ ಎಂಬುದಕ್ಕೆ ಡೇವಿಡ್ ಇರ್ವಿಂಗ್‌ಗಿಂತ ದೊಡ್ಡ ಉದಾಹರಣೆ ಬೇಡ. ಜರ್ಮನ್ ಪತ್ರಾಗಾರಗಳನ್ನು ಶೋಧಿಸುವುದರಲ್ಲಿ ಎತ್ತಿದ ಕೈ ಎಂದು ಹೆಸರಾಗಿದ್ದವನು ಆತ. 1963ರಲ್ಲಿ ಡ್ರೆಸ್ಡೆನ್ ಬಾಂಬ್ ದಾಳಿಯ ಬಗ್ಗೆ ಬರೆದ ಪುಸ್ತಕದಲ್ಲಿ 1,35,000 ಜನ ಸತ್ತರೆಂದ. ಆಮೇಲೆ ಎರಡು ಲಕ್ಷ ದಾಟುವ ಸಂಖ್ಯೆಯಿದ್ದ ಒಂದು ನಕಲಿ ದಾಖಲೆಯನ್ನೂ ಮುಂದುಮಾಡಿದ. ಡ್ರೆಸ್ಡೆನ್ ನಗರ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ಕೊಟ್ಟ ಅಂತಿಮ ಲೆಕ್ಕ ಹೆಚ್ಚೆಂದರೆ 25,000. ಯೆಹೂದಿಗಳ ನರಮೇಧವನ್ನು ಅಲ್ಲಗಳೆಯುವವನೆಂದು ತನ್ನನ್ನು ಕರೆದ ಡೆಬೊರಾ ಲಿಪ್‌ಸ್ಟಾಟ್ ಮೇಲೆ ಇರ್ವಿಂಗ್ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. ಪ್ರತಿವಾದಿಗಳ ಪರವಾಗಿ ಇತಿಹಾಸಕಾರ ರಿಚರ್ಡ್ ಎವಾನ್ಸ್ ಮತ್ತು ಅವರ ಸಹಾಯಕರು ಅವನ ಅಡಿಟಿಪ್ಪಣಿಗಳ ಬೆನ್ನುಹತ್ತಿ ಮೂಲ ಕಾಗದಗಳವರೆಗೆ ಹೋದರು. ಪದ ಬಿಟ್ಟದ್ದು, ಅರ್ಥ ತಿರುಚಿದ್ದು, ದಿನಾಂಕ ಹೊಂದಿಸಿಕೊಂಡದ್ದು, ತಪ್ಪುಗಳೆಲ್ಲ ಒಂದೇ ದಿಕ್ಕಿಗೆ, ಹಿಟ್ಲರನಿಗೆ ಅನುಕೂಲವಾಗುವ ದಿಕ್ಕಿಗೆ ವಾಲಿದ್ದು ಬಯಲಾಯಿತು. 2000ದ ಏಪ್ರಿಲ್ 11ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ ಇರ್ವಿಂಗ್ ವಿರುದ್ಧ ತೀರ್ಪು ಕೊಟ್ಟರು. ಕಡತ ಓದಿದವನು ವಂಚಿಸಬಲ್ಲ ಎಂಬುದು ಇಲ್ಲಿ ನಿಜವಾಯಿತು. ಆ ವಂಚನೆಯನ್ನು ಹಿಡಿದದ್ದು ಅದೇ ಕಡತವನ್ನು ಮತ್ತೊಬ್ಬ ಓದಿದ್ದರಿಂದ ಎಂಬುದೂ ಅಷ್ಟೇ ನಿಜ. ಬರೀ ನೆನಪಿನ ಮೇಲೆ ನಿಂತ ಪುಸ್ತಕಕ್ಕೆ ಈ ಪರೀಕ್ಷೆಯ ದಾರಿಯೇ ಇರುವುದಿಲ್ಲ.

ಪರೀಕ್ಷೆ ಒಳ್ಳೆಯ ಉದ್ದೇಶದವರನ್ನೂ ಬಿಡಬಾರದು. 1995ರಲ್ಲಿ ಜರ್ಮನಿಯಲ್ಲಿ ಆರಂಭವಾಗಿ ನಗರದಿಂದ ನಗರಕ್ಕೆ ಹೋದ ಒಂದು ಪ್ರದರ್ಶನ ಜರ್ಮನ್ ಸೈನ್ಯದ ಅಪರಾಧಗಳ ಫೋಟೊಗಳನ್ನು ಸಾರ್ವಜನಿಕರ ಮುಂದಿಟ್ಟಿತು. ದೇಶವೇ ಕಲಕಿಹೋಯಿತು. ಕೆಲವು ಫೋಟೊಗಳಲ್ಲಿದ್ದ ಶವಗಳು ಸೋವಿಯತ್ ಗುಪ್ತ ಪೊಲೀಸರು ಕೊಂದವರದ್ದೆಂದು ಸಂಶೋಧಕರು ತೋರಿಸಿದಾಗ, 1999ರಲ್ಲಿ ಪ್ರದರ್ಶನವನ್ನು ಹಿಂತೆಗೆದುಕೊಂಡರು. ಪರಿಣತರ ಸಮಿತಿ ಪರಿಶೀಲಿಸಿ ಮುಖ್ಯ ವಾದ ಸರಿ, ಶೀರ್ಷಿಕೆಗಳಲ್ಲಿ ತಪ್ಪಿದೆ ಎಂದಿತು. 2001ರಲ್ಲಿ ತಿದ್ದಿದ ಪ್ರದರ್ಶನ ಮತ್ತೆ ತೆರೆಯಿತು. ತಪ್ಪನ್ನು ಒಪ್ಪಿ ತಿದ್ದಿದ್ದರಿಂದ ಆ ವಾದ ಹೆಚ್ಚು ಬಲವಾಯಿತು. ಹಾಗೆಂದು ಕಾಗದ ನೋಡಿದಾಗಲೆಲ್ಲ ಸೇನಾಪತಿಗಳಿಗೆ ಮಂಗಳಾರತಿಯೇ ಆಗುತ್ತದೆಂದೂ ಇಲ್ಲ. ಮೊದಲ ಮಹಾಯುದ್ಧದ ಬ್ರಿಟಿಷ್ ಜನರಲ್‌ಗಳನ್ನು ಕತ್ತೆಗಳೆಂದು ಕರೆದ ಅಲನ್ ಕ್ಲಾರ್ಕ್‌ರ ಪುಸ್ತಕ ಬಂದದ್ದು 1961ರಲ್ಲಿ. ಬ್ರಿಟನ್ನಿನ ಆ ಯುದ್ಧದ ದಾಖಲೆಗಳು ವ್ಯಾಪಕವಾಗಿ ತೆರೆದದ್ದು ಅದರ ನಂತರದ ವರ್ಷಗಳಲ್ಲಿ. ಸೋಮ್‌ನಲ್ಲಿ 1916ರ ಜುಲೈ 1ರ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು, ಆ ಸತ್ಯವನ್ನು ಯಾವ ಕಡತವೂ ಮೃದುಮಾಡುವುದಿಲ್ಲ. ಆದರೆ ಅದೇ ಸೇನೆ ಫಿರಂಗಿ, ಟ್ಯಾಂಕ್, ವಿಮಾನ, ಕಾಲಾಳುಗಳನ್ನು ಒಟ್ಟಾಗಿ ಬಳಸುವುದನ್ನು ಎರಡು ವರ್ಷದಲ್ಲಿ ಕಲಿತು 1918ರಲ್ಲಿ ಹೇಗೆ ಗೆದ್ದಿತು ಎಂಬ ಅರ್ಧಭಾಗ ನಂತರದ ಸಂಶೋಧಕರಿಂದ ಬಂತು.

ಸಾಮಾನ್ಯ ಓದುಗನಿಗೆ ಇದೆಲ್ಲ ಯಾಕೆ, ಅವನು ಓದುವುದು ಕಥೆಯ ಸ್ವಾರಸ್ಯಕ್ಕೆ ಎನ್ನುವವರೂ ಇದ್ದಾರೆ. ಸ್ವಾರಸ್ಯಕ್ಕೂ ಕಡತಕ್ಕೂ ವೈರವಿಲ್ಲ. ರಷ್ಯಾದ ಸೇನಾ ದಾಖಲೆಗಳನ್ನು ನೋಡಿ ಆಂಟನಿ ಬೀವರ್ 1998ರಲ್ಲಿ ಬರೆದ ಸ್ಟಾಲಿನ್‌ಗ್ರಾಡ್ ಪುಸ್ತಕ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ, ಜಗತ್ತಿನಾದ್ಯಂತ ಮಾರಾಟವೂ ಆಯಿತು. ಓದುಗ ಸುಮ್ಮನೆ ನಂಬಿದ್ದಕ್ಕೆ ಬೆಲೆಯೂ ಇತ್ತು. 1950ರಲ್ಲಿ ಹಿಟ್ಲರನ ಸೈನ್ಯದ ಮಾಜಿ ಅಧಿಕಾರಿಗಳು ಪಶ್ಚಿಮ ಜರ್ಮನಿಯ ಹಿಮ್ಮರೋಡ್ ಎಂಬಲ್ಲಿ ಸೇರಿ, ಹೊಸ ಸೈನ್ಯ ಕಟ್ಟಬೇಕಾದರೆ ಹಳೆಯ ಸೈನಿಕರ ಮೇಲಿನ ಕಳಂಕ ತೊಳೆಯಬೇಕೆಂದು ಬೇಡಿಕೆ ಇಟ್ಟರು. ಮರುವರ್ಷ ಅಮೆರಿಕದ ಸೇನಾಪತಿ ಐಸೆನ್‌ಹೋವರ್ ಜರ್ಮನ್ ಸೈನಿಕ ಬೇರೆ, ಹಿಟ್ಲರನ ಗುಂಪು ಬೇರೆ ಎಂಬ ಹೇಳಿಕೆ ಕೊಟ್ಟರು. 1955ರಲ್ಲಿ ಹೊಸ ಸೈನ್ಯ ಹುಟ್ಟಿತು. ಆತ್ಮಕಥೆಗಳು ಅಂಗಡಿಗಳಿಗೆ ಬಂದದ್ದು ಇದೇ ವರ್ಷಗಳಲ್ಲಿ. ಪುಸ್ತಕ ಮತ್ತು ರಾಜಕೀಯ ಒಂದನ್ನೊಂದು ಹೊತ್ತು ನಡೆದವು, ಸತ್ತ ಕೈದಿಗಳ ಪರವಾಗಿ ಮಾತಾಡಲು ಯಾರೂ ಇರಲಿಲ್ಲ.

ಕನ್ನಡದಲ್ಲಿ ಈ ಯುದ್ಧಗಳನ್ನು ಓದಿಸಿದ ದೊಡ್ಡ ಹೆಸರು ಪೂರ್ಣಚಂದ್ರ ತೇಜಸ್ವಿಯವರದ್ದು. ಅವರ ಮಿಲೇನಿಯಂ ಸರಣಿಯ ಮಹಾಯುದ್ಧದ ಪುಸ್ತಕಗಳು ಅನೇಕ ಓದುಗರಿಗೆ ಈ ಲೋಕದ ಬಾಗಿಲು ತೆರೆದವು. ಅದೇ ಸರಣಿಯ ಮಹಾಪಲಾಯನವೂ ಓದುಗರ ಪ್ರೀತಿ ಗಳಿಸಿತು. ಅದು ಪೋಲೆಂಡಿನ ಸ್ಲಾವೊಮಿರ್ ರಾವಿಚ್ 1956ರಲ್ಲಿ ಪ್ರಕಟಿಸಿದ ಪುಸ್ತಕದ ಕನ್ನಡ ರೂಪ. ಸೈಬೀರಿಯಾದ ಶಿಬಿರದಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದೆನೆಂಬುದು ಅವನ ಕಥೆ. 2006ರಲ್ಲಿ ಬಿಬಿಸಿ ನಡೆಸಿದ ಶೋಧದಲ್ಲಿ ಹಳೆಯ ಸೋವಿಯತ್ ದಾಖಲೆಗಳು ಸಿಕ್ಕವು. ಅವುಗಳಲ್ಲಿ ರಾವಿಚ್‌ನ ಕೈಬರಹದ್ದೂ ಇತ್ತು. ಅವನು ತಪ್ಪಿಸಿಕೊಂಡಿರಲಿಲ್ಲ, ಪೋಲೆಂಡಿನವರಿಗೆ ಕೊಟ್ಟ ಸಾಮೂಹಿಕ ಕ್ಷಮಾದಾನದಡಿ 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋದವನು ಎಂದು ಅವು ತಿಳಿಸುತ್ತವೆ. ತೇಜಸ್ವಿಯವರು ಅನುವಾದಿಸುವ ಕಾಲಕ್ಕೆ ಈ ಕಾಗದಗಳು ಬೆಳಕಿಗೆ ಬಂದಿರಲಿಲ್ಲ, ಅವರ ಗದ್ಯದ ಸೊಗಸಿಗೂ ಇದರಿಂದ ಕುಂದಿಲ್ಲ. ಆದರೆ ಇಂದು ಆ ಪುಸ್ತಕವನ್ನು ನಡೆದ ಘಟನೆಯೆಂದು ಮಕ್ಕಳ ಕೈಗೆ ಕೊಡುವವರು ಈ ಸಂಗತಿಯನ್ನೂ ಜೊತೆಗೆ ಕೊಡಬೇಕು.

ನಮ್ಮದೇ ನೆಲದ ಯುದ್ಧಚರಿತ್ರೆ ಇನ್ನೂ ಬರೆಯುವುದಕ್ಕಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳ ಹೈಫಾ ಪಟ್ಟಣಕ್ಕೆ ನುಗ್ಗಿದಾಗ, ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಹೋದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಅದರ ಮುಂದೆ ವರ್ಷಕ್ಕೊಮ್ಮೆ ಹೂವಿಟ್ಟು, ಈಟಿ ಹಿಡಿದು ಮೆಷಿನ್‌ಗನ್ನಿಗೆ ಎದುರಾದ ಕಥೆಯನ್ನು ಒಬ್ಬರಿಂದೊಬ್ಬರು ನಕಲುಮಾಡಿ ಬರೆಯುವುದು ಸಾಕು. ಮೈಸೂರು ಸಂಸ್ಥಾನದ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ, ಬ್ರಿಟಿಷ್ ದಳಗಳ ಯುದ್ಧ ದಿನಚರಿಗಳು ಲಂಡನ್ನಿನಲ್ಲಿ ಓದಲು ಸಿಗುತ್ತವೆ, ಅಲ್ಲಿ ಎದುರಾಳಿಯಾಗಿದ್ದ ಟರ್ಕಿಯ ಸೇನಾ ಇತಿಹಾಸವೂ ಇದೆ. ಮೂರನ್ನೂ ಎದುರುಬದುರು ಇಟ್ಟು ಒಬ್ಬ ಕನ್ನಡ ಸಂಶೋಧಕ ಬರೆಯುವ ಪುಸ್ತಕಕ್ಕೆ ವಿಶ್ವವಿದ್ಯಾಲಯಗಳೂ ಪುಸ್ತಕ ಪ್ರಾಧಿಕಾರವೂ ಹಣ ಒದಗಿಸಲಿ. ಮಹಾಯುದ್ಧಗಳ ಬಗ್ಗೆ ಅನುವಾದಿಸುವ ಪ್ರಕಾಶಕರು 1950ರ ದಶಕದ ಆತ್ಮಕಥೆಗಳಿಗಿಂತ ಮೊದಲು 1990ರ ನಂತರದ ಇತಿಹಾಸಗಳನ್ನು ಆರಿಸಲಿ, ಹಳೆಯದನ್ನೇ ತರುವುದಾದರೆ ಆಮೇಲೆ ಏನು ತಿಳಿಯಿತೆಂಬ ನಾಲ್ಕು ಪುಟವನ್ನು ಕೊನೆಗೆ ಸೇರಿಸಲಿ. ಮಹಾಪಲಾಯನದ ಪ್ರತಿ ಮುದ್ರಣದಲ್ಲೂ 2006ರ ಶೋಧದ ಬಗ್ಗೆ ಅಂಥ ಟಿಪ್ಪಣಿ ಇರಬೇಕು.